ಸಹಾಯ ಬೇಕು: 30 ಡಿಗ್ರಿಯಲ್ಲೇ ರಾಮ್ನೋಲಿಪಿಡ್ ಸೋರುತ್ತಿದೆ

ಸ್ಯೂಡೋಮೊನಾಸ್ ಪುಟಿಡಾ ಕೆಟಿ2440 ಎಂಬ ಬ್ಯಾಕ್ಟೀರಿಯಾಕ್ಕೆ ರಾಮ್ನೋಲಿಪಿಡ್ (ಸೋಪಿನಂತೆ ನೊರೆ ಬರಿಸುವ ವಸ್ತು) ತಯಾರಿಸುವ ಆರ್‌ಎಚ್‌ಎಲ್‌ಎ, ಆರ್‌ಎಚ್‌ಎಲ್‌ಬಿ ಜೀನ್‌ಗಳನ್ನು ಸೇರಿಸಿದ್ದೇವೆ. ಅವುಗಳ ಮುಂದೆ ರೋಸ್ ಅನ್ನೋ ಆರ್‌ಎನ್‌ಎ ಥರ್ಮಾಮೀಟರ್ ಇದೆ. ತಣ್ಣಗಿದ್ದಾಗ ಅದು ಮಡಚಿಕೊಂಡು ರೈಬೋಸೋಮ್ ಕೂರುವ ಜಾಗ ಮುಚ್ಚುತ್ತದೆ. 37ಕ್ಕೆ ಏರಿಸಿದರೆ ಬಿಚ್ಚಿಕೊಂಡು, ಆಗ ಮಾತ್ರ ರಾಮ್ನೋಲಿಪಿಡ್ ತಯಾರಾಗಬೇಕು.

ಆದರೆ 30ರಲ್ಲೇ ನೊರೆ ಉಕ್ಕಿ ಬ್ಯಾಕ್ಟೀರಿಯಾ ಬೆಳೆಸುವ ಪಾತ್ರೆಯ ಎಕ್ಸಾಸ್ಟ್ ಫಿಲ್ಟರ್ ಒದ್ದೆಯಾಗುತ್ತಿದೆ. ನೊರೆ ಸುಮ್ನೆ ಪ್ರೋಟೀನಿನಿಂದಲೂ ಬರುತ್ತೆ, ಅಲ್ವಾ? ಅದಕ್ಕೇ ಸಿಟ್ಯಾಬ್–ಮೆಥಿಲೀನ್ ಬ್ಲೂ ಪ್ಲೇಟ್ (ರಾಮ್ನೋಲಿಪಿಡ್ ಇದ್ದರೆ ನೀಲಿ ಉಂಗುರ ತೋರಿಸುವ ಪರೀಕ್ಷೆ) ಹಾಕಿ ನೋಡಿದೆ. ಕಡುನೀಲಿ ಉಂಗುರ ಎದ್ದು ಕಾಣುತ್ತಿದೆ.

ಪ್ರಮೋಟರ್ (ಜೀನ್ ಓದುವಿಕೆ ಶುರುಮಾಡುವ ಡಿಎನ್ಎ ತುಣುಕು) ಸ್ವಲ್ಪ ದುರ್ಬಲವಾದದ್ದು ಹಾಕಿದರೆ ಈ ಸೋರಿಕೆ ತಗ್ಗುತ್ತದೆಯೇ, ಅಥವಾ ರೋಸ್‌ನ ಮಡಿಕೆಯಾದ ಹೇರ್‌ಪಿನ್ ಅನ್ನೇ ಬಿಗಿ ಮಾಡಬೇಕೇ? ಇನ್ನೊಂದು: 37ರಲ್ಲಿ ಇಳುವರಿ ಜಾಸ್ತಿಯಾದರೆ ಅದು ಥರ್ಮಾಮೀಟರ್‌ನಿಂದಲೋ, ಬಿಸಿಗೆ ಕಿಣ್ವಗಳು ಚುರುಕಾಗಿಯೋ? ರೋಸ್ ಇಲ್ಲದ ಕಂಟ್ರೋಲ್ ತಳಿ ಒಂದೇ ಸಾಕೇ?

ಬಿಸಿಗೆ ಜೀನ್ ಆನ್ ಮಾಡುವ ಇನ್ನೊಂದು ವಿಧಾನ, ಲ್ಯಾಂಬ್ಡಾ ಸಿಐ857 ಸ್ವಿಚ್ ಬೇಡ. ಅದಕ್ಕೆ 42ರ ಹತ್ತಿರ ಬೇಕು, ಪುಟಿಡಾಗೆ ಅಷ್ಟು ಬಿಸಿ ಆಗಿಬರಲ್ಲ.