ಪತ್ತನಾಜೆಯೊಳಗೆ (ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮೊದಲು ಬರುವ ತುಳುನಾಡಿನ ದಿನ) ಕಾರಿನ ಹಿಂದಿನ ಎರಡು ಟಯರ್ ಬದಲಿಸಬೇಕು: ಅನುಭವ ಇರುವವರು ತಿಳಿಸಿ

ಕದ್ರಿಯಿಂದ

ನನ್ನಲ್ಲಿರುವುದು 2018ರ ಪೋರ್ಷೆ 718 ಬಾಕ್ಸ್‌ಸ್ಟರ್. ನಾನು ಎರಡನೇ ಮಾಲೀಕ. ಮುಂದಿನ 235/40 ಅಳತೆಯ 19 ಇಂಚಿನ ಟಯರ್‌ಗಳಲ್ಲಿ ಇನ್ನೂ 5 ಮಿ.ಮೀ. ಗ್ರಿಪ್ (ಮೇಲ್ಮೈಯ ಗೀರುಗಳ ಆಳ) ಉಳಿದಿದೆ. ಹಿಂದಿನ 265/40 ಟಯರ್‌ಗಳು ಹೊರಗಿನಿಂದ ನೋಡುವಾಗ ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಮೊನ್ನೆ ಕಾರನ್ನು ಲಿಫ್ಟಿಗೆ ಏರಿಸಿದಾಗ ಒಳ ಅಂಚಿನಲ್ಲಿ ಹೆಬ್ಬೆರಳಿನ ಅಗಲಕ್ಕೆ ರಬ್ಬರ್ ಪೂರ್ತಿ ಸವೆದು, ನೂಲು ಹೊರಗೆ ಬಂದಿರುವುದು ಕಂಡಿತು. ಪೋರ್ಷೆಯವರು ಒಪ್ಪಿದ್ದಕ್ಕೆ ಹಾಕುವ ‘ಎನ್’ ಗುರುತಿರುವ ಪಿರೆಲಿ ಪಿ ಝೀರೊ ಹಾಕಿಸಲೇ, ಗುರುತಿಲ್ಲದ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಹಾಕಿಸಲೇ ಎಂಬುದು ನನ್ನ ಪ್ರಶ್ನೆ. ವಾರಕ್ಕೆ ಎರಡು ಸಲ ಉಡುಪಿಗೆ ಹೋಗಿಬರುತ್ತೇನೆ. ಮಳೆಗಾಲದಲ್ಲಿಯೂ ಕಾರು ಓಡಲೇಬೇಕು.

ಸುರತ್ಕಲ್‌ನಿಂದ

ಯಾವ ಬ್ರ್ಯಾಂಡ್ ಎಂದು ಕೇಳುವ ಮೊದಲು ಯಾವ ವರ್ಷದ ಟಯರ್ ಎಂದು ಕೇಳಿ. ನನ್ನದು ಬಿಎಂಡಬ್ಲ್ಯು ಝಡ್4 ಎಂ40ಐ, ಹಿಂದಿನ ಅಳತೆ 275/35 ಆರ್19. 2023ರ ಮೇ ತಿಂಗಳಲ್ಲಿ ಎಲ್ಲ ಕಡೆ ಒಂದಕ್ಕೆ 43,000 ರೂಪಾಯಿ ಹೇಳುತ್ತಿದ್ದಾಗ ಒಂದು ಅಂಗಡಿಯವರು 36,500ಕ್ಕೆ ಕೊಡುತ್ತೇವೆ ಎಂದರು. ಅಂಗಡಿಯ ಹೆಸರು ಹೇಳುವುದಿಲ್ಲ. ಹಾಕಿಸಿಕೊಂಡು ಸಂತೋಷದಿಂದ ಮನೆಗೆ ಬಂದೆ. ಜುಲೈಯಲ್ಲಿ ಒಂದು ಸಂಜೆ ಮುಕ್ಕ ದಾಟಿ ಮೂಲ್ಕಿಯ ಕಡೆಗೆ ಹೋಗುವಾಗ, ಹೆದ್ದಾರಿಯ ಬಲಬದಿಯಲ್ಲಿ ನಿಂತಿದ್ದ ನೀರಿಗೆ ಚಕ್ರ ತಾಗಿದ ಕೂಡಲೇ ಕಾರಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಟಿತು. ವೇಗ ಎಪ್ಪತ್ತೈದೂ ಇರಲಿಲ್ಲ. ಕಾರು ಒಂದು ಸುತ್ತು ತಿರುಗಿ ಡಿವೈಡರ್‌ಗೆ ಬಡಿದು ನಿಂತಿತು. ನನ್ನ ಮಗಳು ಪಕ್ಕದ ಸೀಟಿನಲ್ಲಿದ್ದಳು, ಯಾರಿಗೂ ಏನೂ ಆಗಲಿಲ್ಲ.

ಮರುದಿನ ಟಾರ್ಚ್ ಹಿಡಿದು ಚಕ್ರದ ಅಡಿಗೆ ತಲೆ ಹಾಕಿ ನೋಡಿದೆ. ತಯಾರಿಯ ದಿನಾಂಕ ಟಯರ್‌ನ ಒಳಬದಿಯಲ್ಲಿತ್ತು. ಕೆಸರು ಒರೆಸಿದಾಗ ಕಂಡ ನಾಲ್ಕು ಅಂಕಿ: 1218. ಅಂದರೆ 2018ರ ಹನ್ನೆರಡನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ಎಲ್ಲಿ ಬಿದ್ದಿತ್ತೋ ದೇವರಿಗೇ ಗೊತ್ತು. ಗ್ರಿಪ್ ಹೊಸದರಂತೆ ಆಳವಾಗಿಯೇ ಇತ್ತು, ಆದರೆ ಉಗುರಿನಿಂದ ಒತ್ತಿದರೆ ಗುರುತೂ ಬೀಳದಷ್ಟು ರಬ್ಬರ್ ಗಟ್ಟಿಯಾಗಿತ್ತು. ಲೆಕ್ಕ ಹೀಗಿದೆ: ಆ ಟಯರ್‌ಗಳಿಗೆ 73,000, ಮತ್ತೆ ಹೊಸದಕ್ಕೆ 88,000, ರಿಮ್ ಸರಿಪಡಿಸಲು 16,000, ಕಾರನ್ನು ಸಾಗಿಸಿದ ಲಾರಿಗೆ 5,500. ಹದಿಮೂರು ಸಾವಿರ ಉಳಿಸಲು ಹೋಗಿ ಒಟ್ಟು 1,82,500 ಕೊಟ್ಟೆ. ವಿಮೆಯವರು ಬಂಪರಿಗೆ ಮಾತ್ರ ಒಪ್ಪಿದರು.

ಮಣಿಪಾಲದಿಂದ

ನನ್ನದು 718 ಕೇಮನ್, ನಿಮ್ಮ ಅಳತೆಯೇ. ‘ಎನ್’ ಗುರುತು ಅಲಂಕಾರಕ್ಕೆ ಹಾಕಿದ್ದಲ್ಲ. ಕಾರು ತಯಾರಿಸಿದವರು ಆ ಕಾರಿಗೆಂದೇ ಪರೀಕ್ಷಿಸಿ ಒಪ್ಪಿದ ಟಯರ್‌ಗೆ ಮಾತ್ರ ಅದು ಬರುತ್ತದೆ. ಎನ್0, ಎನ್1, ಎನ್2 ಎಂಬ ಅಂಕಿಗಳು ಗುಣಮಟ್ಟದ ಮೆಟ್ಟಿಲುಗಳೆಂದು ಹಲವರು ತಿಳಿದಿದ್ದಾರೆ. ಅವು ಆ ಟಯರ್‌ನ ಪರಿಷ್ಕೃತ ಆವೃತ್ತಿಗಳು, ಆದ್ದರಿಂದ ಒಂದೇ ಆಕ್ಸಲ್‌ನಲ್ಲಿ ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು ಹಾಕಬಾರದು. ನನಗೆ ಮೊದಲು ಬಂದ ಜೊತೆಯಲ್ಲಿ ಒಂದು ಎನ್0, ಇನ್ನೊಂದು ಎನ್1 ಇತ್ತು. ನಾನು ಎರಡನ್ನೂ ವಾಪಸು ಕಳುಹಿಸಿ ಒಂಬತ್ತು ವಾರ ಕಾದೆ. 2020ರ ಜೂನ್‌ನಲ್ಲಿ ಟಯರ್ ಆಮದನ್ನು ಸರಕಾರ ನಿರ್ಬಂಧಿತ ಪಟ್ಟಿಗೆ ಸೇರಿಸಿದ ನಂತರ ಇಂತಹ ಅಳತೆಗಳು ಕೇಳಿದ ಕೂಡಲೇ ಸಿಗುವುದಿಲ್ಲ. ಒಂದಕ್ಕೆ 48,200ರಂತೆ ಎರಡಕ್ಕೆ 96,400 ಕೊಟ್ಟೆ. ಆಗ ತೆರಿಗೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ, ನೀವು ಅಷ್ಟರಮಟ್ಟಿಗೆ ಪುಣ್ಯವಂತರು. ಅರವತ್ತು ಎಪ್ಪತ್ತು ಲಕ್ಷದ ಕಾರಿಗೆ ಗುರುತಿಲ್ಲದ ಟಯರ್ ಹಾಕುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಕಾಪುವಿನಿಂದ

ಮಣಿಪಾಲದವರೇ, ಬೇಸರ ನಿಮ್ಮ ಬಳಿಯೇ ಇರಲಿ. ನಾನು ಮಸ್ಟಾಂಗ್ ಜಿಟಿಗೆ ಒಂದಕ್ಕೆ 31,000ರಂತೆ ಯಾವ ವಿಶೇಷ ಗುರುತೂ ಇಲ್ಲದ 275/40 ಆರ್19 ಹಾಕಿಸಿ ಮೂರು ಮಳೆಗಾಲ ಕಳೆದಿದ್ದೇನೆ. 21,000 ಕಿ.ಮೀ. ಓಡಿದ ಮೇಲೆ 3 ಮಿ.ಮೀ. ಉಳಿದಿದ್ದಾಗಲೇ ಬದಲಿಸಿದೆ. ಕಾನೂನಿನ ಪ್ರಕಾರ 1.6 ಮಿ.ಮೀ.ವರೆಗೆ ಓಡಿಸಬಹುದು, ಆದರೆ ಆ ಕಾನೂನು ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯನ್ನು ನೋಡಿ ಬರೆದದ್ದಲ್ಲ. ಎಂಟು ಸಿಲಿಂಡರ್‌ಗಳ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಗಳಿಗೇ ಹೋಗುವ ಕಾರಿದು. ಆದರೂ ಒಂದು ಸಲವೂ ಜಾರಲಿಲ್ಲ, ಏಕೆಂದರೆ ಪ್ರತಿ ಭಾನುವಾರ ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ಗಾಳಿ ಅಳೆಯುತ್ತೇನೆ. ನಾಸಾದ ಸಂಶೋಧಕರು 1960ರ ದಶಕದಲ್ಲಿ ಕಂಡುಕೊಂಡ ಸೂತ್ರವೊಂದಿದೆ: ಪಿಎಸ್‌ಐ ಲೆಕ್ಕದ ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಟಯರ್ ನೀರಿನ ಮೇಲೆ ತೇಲತೊಡಗುವ ವೇಗ ಗಂಟೆಗೆ ಇಷ್ಟು ಮೈಲಿ ಎಂದು ಸಿಗುತ್ತದೆ. ಒತ್ತಡ 32 ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ.; 25ಕ್ಕೆ ಇಳಿದರೆ 83. ಈ ಹನ್ನೊಂದು ಕಿ.ಮೀ. ವ್ಯತ್ಯಾಸ ನಿಮ್ಮ ಗುರುತಿನಿಂದ ಬರುವುದಿಲ್ಲ.

ಮಣಿಪಾಲದಿಂದ

ಅದು ವಿಮಾನದ ಚಕ್ರಗಳ ಅಧ್ಯಯನದಿಂದ ಬಂದ ಸೂತ್ರ. ಅದರಲ್ಲಿ ಟಯರ್‌ನ ಅಗಲವೂ ಇಲ್ಲ, ಗ್ರಿಪ್ಪಿನ ಆಳವೂ ಇಲ್ಲ. ನಿಮ್ಮದು 275 ಮಿ.ಮೀ. ಅಗಲ, ಟಯರ್ ಅಗಲವಾದಷ್ಟೂ ಹೊರಹಾಕಬೇಕಾದ ನೀರು ಹೆಚ್ಚು. ಸುರತ್ಕಲ್‌ನವರು ಎಪ್ಪತ್ತೈದರೊಳಗೇ ತಿರುಗಿದ್ದನ್ನು ಮೇಲೆಯೇ ಬರೆದಿದ್ದಾರೆ. ನಿಮ್ಮ ಸೂತ್ರವನ್ನು ನಂಬಿ ಯಾರಾದರೂ ಜಡಿಮಳೆಯಲ್ಲಿ ತೊಂಬತ್ತರಲ್ಲಿ ಹೋದರೆ ಅದಕ್ಕೆ ಹೊಣೆ ಯಾರು?

ಕಾಪುವಿನಿಂದ

ತೊಂಬತ್ತರಲ್ಲಿ ಹೋಗಿ ಎಂದು ನಾನು ಎಲ್ಲಿ ಬರೆದೆ ಮಾರಾಯರೇ? ಗಾಳಿ ನೋಡಿಕೊಳ್ಳಿ ಎಂದು ಬರೆದೆ. ಬರೆದದ್ದನ್ನು ಓದಿ ಉತ್ತರಿಸಿ.

ಸುರತ್ಕಲ್‌ನಿಂದ

ನನ್ನ ಅಪಘಾತವನ್ನು ನಿಮ್ಮ ವಾದಕ್ಕೆ ಎಳೆದು ತರಬೇಡಿ. ನನ್ನ ಕಾರು ತಿರುಗಿದ್ದು ಅಗಲದಿಂದಲ್ಲ, ಹಳೆಯ ರಬ್ಬರಿನಿಂದ. ಒಂಬತ್ತು ವಾರ ಕಾದು ತರಿಸಿದ ನಿಮ್ಮ ಟಯರ್‌ಗಳ ದಿನಾಂಕ ಯಾವುದೆಂದು ನೀವು ಇನ್ನೂ ಹೇಳಿಲ್ಲ.

ಬ್ರಹ್ಮಾವರದಿಂದ

ಕದ್ರಿಯವರು ಒಳ ಅಂಚಿನಲ್ಲಿ ನೂಲು ಕಂಡಿತು ಎಂದು ಬರೆದದ್ದನ್ನು ಇಲ್ಲಿ ಯಾರೂ ಓದಿದಂತಿಲ್ಲ. ನನ್ನ ನಿಸಾನ್ 370ಝಡ್‌ನಲ್ಲಿ ಹದಿನಾಲ್ಕು ತಿಂಗಳೊಳಗೆ ಎರಡು ಜೊತೆ ಹಿಂದಿನ ಟಯರ್ ಮುಗಿದವು. ಮೊದಲನೆಯದು 9,000 ಕಿ.ಮೀ.ಗೆ, ಎರಡನೆಯದು 7,500ಕ್ಕೆ. ಇಂತಹ ಕಾರುಗಳ ಚಕ್ರ ಮೇಲ್ಭಾಗದಲ್ಲಿ ಸ್ವಲ್ಪ ಒಳಕ್ಕೆ ವಾಲಿರುವುದು ಸಹಜ, ಹಾಗಾಗಿ ಒಳ ಅಂಚು ಸವೆಯುವುದೂ ಸಹಜ ಎಂದು ಎಲ್ಲರೂ ನನ್ನನ್ನು ಸಮಾಧಾನಪಡಿಸಿದರು. ಆದರೆ ಕ್ಯಾಂಬರ್ ಎನ್ನುವ ಈ ವಾಲುವಿಕೆ ಒಂದೇ ಇಷ್ಟು ಬೇಗ ರಬ್ಬರ್ ತಿನ್ನುವುದಿಲ್ಲ. ಜೊತೆಗೆ ಟೋ, ಅಂದರೆ ಮೇಲಿನಿಂದ ನೋಡುವಾಗ ಚಕ್ರ ಮುಖ ಮಾಡಿರುವ ದಿಕ್ಕು, ತಪ್ಪಿದ್ದರೆ ಟಯರ್ ಉರುಳುವಾಗಲೇ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ನನ್ನ ಬಲಹಿಂಬದಿಯ ಚಕ್ರವನ್ನು ಹಿಡಿದಿಡುವ ಆರ್ಮ್‌ನ ಬುಷ್ (ಕೀಲಿನ ರಬ್ಬರ್ ಭಾಗ) ಹರಿದು, ನಿಂತಾಗ ಸರಿಯಾಗಿರುತ್ತಿದ್ದ ಟೋ ಓಡುವಾಗ ತೆರೆದುಕೊಳ್ಳುತ್ತಿತ್ತು. ಕಬ್ಬಿಣದ ಸರಳನ್ನು ಕೊಟ್ಟು ಮೀಟಿದಾಗ ಬುಷ್ಷಿನ ರಬ್ಬರ್ ಬಾಯಿ ಬಿಟ್ಟಂತೆ ತೆರೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಬುಷ್ ಬದಲಿಸಲು 22,000 ಆಯಿತು. ಅದಕ್ಕೂ ಮೊದಲು ಟಯರ್‌ಗೆಂದು ಸುರಿದದ್ದು 1,64,000. ಮುಂದಿನ, ಹಿಂದಿನ ಅಳತೆಗಳು ಬೇರೆಯಾದ್ದರಿಂದ ಹಿಂದಿನದನ್ನು ಮುಂದಕ್ಕೆ ಹಾಕಿ ಉಳಿಸಿಕೊಳ್ಳುವ ದಾರಿಯೂ ನಮಗಿಲ್ಲ.

ಕದ್ರಿಯಿಂದ

ಬ್ರಹ್ಮಾವರದವರು ಹೇಳಿದಂತೆ ಇಂದು ಮತ್ತೊಮ್ಮೆ ಲಿಫ್ಟಿಗೆ ಹಾಕಿಸಿದೆ. ಎಡಹಿಂಬದಿಯ ಬುಷ್ ಹರಿದಿದೆ, ಟೋ ಹೊರಕ್ಕೆ ತೆರೆದಿದೆ. ಮೊದಲು ಅದನ್ನು ಸರಿಪಡಿಸಿ, ಆಮೇಲೆ ಟಯರ್ ಹಾಕಿಸುತ್ತೇನೆ. ರಿಮ್ಮಿಗೆ ಏರಿಸುವ ಮೊದಲು ಎರಡರ ದಿನಾಂಕವನ್ನೂ ನಾನೇ ಓದುತ್ತೇನೆ ಎಂದು ಅಂಗಡಿಯವರಿಗೆ ತಿಳಿಸಿದ್ದೇನೆ. ಎನ್ ಗುರುತಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಮಣಿಪಾಲದಿಂದ

ಸುರತ್ಕಲ್‌ನವರಿಗೆ: ಈಗಷ್ಟೇ ಕೆಳಗೆ ಹೋಗಿ ನೋಡಿ ಬಂದೆ. ಎಡದ್ದು 3022, ಬಲದ್ದು 0821. ಒಂದೂವರೆ ವರ್ಷದ ಅಂತರವಿದೆ. ಇದುವರೆಗೆ ನಾನು ನೋಡಿರಲಿಲ್ಲ.