ಕ್ರಿಸ್‌ಮಸ್ ಮರಕ್ಕೆ ಮನೆಯಲ್ಲೇ ಮರದ ಅಲಂಕಾರ: ಯಾವ ಮರ, ಯಾವ ಬಣ್ಣ?

ಪ್ರಶ್ನೆ: ನಾನು ಮಂಗಳೂರಿನವಳು. ಮನೆ ಹಿಂದಿನ ಶೆಡ್ಡಿನಲ್ಲಿ ಚಿಕ್ಕ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ), ಒಂದು ಸ್ಕ್ರಾಲ್ ಸಾ (ತೆಳು ಹಲಗೆಯಲ್ಲಿ ಆಕಾರ ಕೊಯ್ಯುವ ಗರಗಸ ಯಂತ್ರ) ಇದೆ. ಈ ಸಲ ಕ್ರಿಸ್‌ಮಸ್ ಮರಕ್ಕೆ ಗಂಟೆ, ಗುಂಡು, ನಕ್ಷತ್ರ ಎಲ್ಲ ಮರದಲ್ಲೇ ಮಾಡುವ ಆಸೆ. ನಾವು ನಿಲ್ಲಿಸುವುದು ಗಾಳಿಮರದ ಕೊಂಬೆ, ಹೆಚ್ಚು ಭಾರ ತಡೆಯುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಯಾವ ಮರ ತರಲಿ, ಬಣ್ಣಕ್ಕೆ ಏನು ಮಾಡಲಿ? ಮಾಡಿ ಗೊತ್ತಿದ್ದವರು ಹೇಳಿ.

ಉತ್ತರ: ಮೇಡಂ, ಲೇತ್ ಇದೆ ಅಂದಮೇಲೆ ಬೇರೆ ಯೋಚನೆಯೇ ಬೇಡ, ಹಾಲೆ ಮರ ತನ್ನಿ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವುದು ಅದನ್ನೇ. ಬೆಳ್ಳಗಿದೆ, ಹಗುರ, ಉಳಿ ಕೊಟ್ಟರೆ ನಯವಾಗಿ ಬರುತ್ತದೆ. ಆದರೆ ಚೆನ್ನಾಗಿ ಒಣಗಿರಬೇಕು. ಹಸಿಯಲ್ಲಿ ಕಡೆದ ಗುಂಡು ಒಣಗುತ್ತಾ ಸೊಟ್ಟಗಾಗುತ್ತದೆ, ಸೀಳೂ ಬಿಡಬಹುದು. ನಿಮ್ಮ ಕಡೆ ಮಳೆಗಾಲದಲ್ಲಿ ತಂದರೆ ಬೂಸ್ಟು ಬೇರೆ. ತುಂಡುಗಳ ಎರಡೂ ತುದಿಗೆ ಮೇಣ ಬಳಿದು, ನಡುವೆ ರೀಪು ಕೊಟ್ಟು, ಗಾಳಿಯಾಡುವ ನೆರಳಲ್ಲಿ ಪೇರಿಸಿಡಿ.

ಬಣ್ಣಕ್ಕೆ ಅರಗು, ನನ್ನ ಮಟ್ಟಿಗೆ ಅದಕ್ಕೆ ಸಾಟಿ ಇಲ್ಲ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ತಿಕ್ಕಾಟದ ಬಿಸಿಗೆ ಅರಗು ಕರಗಿ ಪಟ್ಟೆಪಟ್ಟೆಯಾಗಿ ಮೆತ್ತಿಕೊಳ್ಳುತ್ತದೆ. ಅಳುಕಿ ಮೆಲ್ಲಗೆ ಒತ್ತಿದರೆ ಹಿಡಿಯುವುದಿಲ್ಲ. ಆಮೇಲೆ ಒಣಗಿದ ತಾಳೆಗರಿಯನ್ನು (ಕೇದಗೆ ಜಾತಿಯದು) ಮಡಿಸಿ ಅದೇ ಜಾಗಕ್ಕೆ ಒತ್ತಿ. ಪಟ್ಟೆಗಳು ಒಂದಕ್ಕೊಂದು ಕಲೆತು, ಹೊಳಪು ಏಳುವುದು ಕಣ್ಣೆದುರೇ ಕಾಣುತ್ತದೆ. ಮಕ್ಕಳಿರುವುದರಿಂದ ಅರಿಶಿನದಂಥ ಗಿಡದ ಬಣ್ಣ ಬೆರೆಸಿದ ಕಡ್ಡಿಯನ್ನೇ ಕೇಳಿ ತೆಗೆದುಕೊಳ್ಳಿ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಬಿಸಿ ಹೆಂಚಿನಡಿಯ ಅಟ್ಟದಲ್ಲೂ ಇಡಬೇಡಿ, ಮೆತ್ತಗಾಗಿ ಅಂಟಿಕೊಳ್ಳುತ್ತವೆ.

ಭಾರದ ಚಿಂತೆಗೆ ಸುಲಭ ದಾರಿ ಗಾತ್ರ ಇಳಿಸುವುದು. ಗುಂಡಿನ ಅಡ್ಡಳತೆ ಅರ್ಧವಾದರೆ ತೂಕ ಎಂಟನೇ ಒಂದು ಪಾಲಿಗೆ ಬರುತ್ತದೆ. ಲೇತ್ ಮುಂದೆ ನಿಂತಾಗ ಗ್ಲೌಸ್, ದುಪಟ್ಟಾ ಎರಡೂ ಬೇಡ.

ಉತ್ತರ: ನಕ್ಷತ್ರಕ್ಕೆ ಲೇತ್ ಯಾಕೆ ಮಾರಾಯ್ರೇ, 3 ಮಿ.ಮೀ. ಪ್ಲೈವುಡ್ ಸಾಕು. ಮೂರು ನಾಲ್ಕು ತುಂಡುಗಳನ್ನು ಡಬಲ್ ಸೈಡ್ ಟೇಪಿನಿಂದ ಒಂದರ ಮೇಲೊಂದು ಅಂಟಿಸಿ, ಸ್ಕ್ರಾಲ್ ಸಾದಲ್ಲಿ ಒಟ್ಟಿಗೇ ಕೊಯ್ಯಿರಿ. ದಾರದ ತೂತು ಮೊದಲೇ ಕೊರೆಯಿರಿ. ಕೊಯ್ದ ಮೇಲೆ ಕೊರೆಯಲು ಹೋದರೆ ಚೂಪು ತುದಿ ಮುರಿಯುತ್ತದೆ. ಅಂಚನ್ನು 180, ಆಮೇಲೆ 240 ನಂಬರಿನ ಉಪ್ಪು ಕಾಗದದಲ್ಲಿ ಉಜ್ಜಿ. ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಅಗ್ಗ ನಿಜ, ಆದರೆ ಅದರ ಧೂಳು ಮನೆಗೆ ಒಳ್ಳೆಯದಲ್ಲ. ಏನೇ ಕೊಯ್ದರೂ ಮಾಸ್ಕ್ ಇರಲಿ.

ಉತ್ತರ: ನಾನಿರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಇಲ್ಲಿಂದ ದಕ್ಷಿಣಕ್ಕೆ, ಬೆಟ್ಟಸಾಲಿನಲ್ಲಿ ಸೈಫೆನ್ ಅಂತ ಊರಿದೆ. ಗಣಿ ಕೆಲಸ ಕುಗ್ಗಿದ ಮೇಲೆ ಅಲ್ಲಿಯವರು ಮರ ಕಡೆಯುವುದನ್ನೇ ಕಸುಬು ಮಾಡಿಕೊಂಡರು. ಅವರದೊಂದು ವಿಧಾನ ನಿಮಗೆ ಹಿಡಿಸಬಹುದು: ಮರದ ದಪ್ಪ ಬಿಲ್ಲೆಯನ್ನು ಲೇತಿನಲ್ಲಿ ಬಳೆಯ ಹಾಗೆ ಕಡೆಯುತ್ತಾರೆ. ಮೇಲಿನವರು ಒಣ ಮರ ಅಂದರಲ್ಲ, ಇವರು ಸ್ಪ್ರೂಸ್ ಮರವನ್ನು ಹಸಿಯಾಗಿಯೇ ಕಡೆಯುವುದು. ಆ ಬಳೆಯನ್ನು ಅಡ್ಡಕ್ಕೆ ಸೀಳಿದರೆ ಪ್ರತಿ ಹೋಳಿನಲ್ಲೂ ಒಂದು ಕುರಿ ಅಥವಾ ಕುದುರೆಯ ಆಕಾರ! ಕಡೆಯುವಾಗ ಅದು ಕಾಣುವುದೇ ಇಲ್ಲ, ಕೈ ಅಳತೆಯಲ್ಲೇ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಕಿವಿ, ಕಾಲು ಚಾಕುವಿನಲ್ಲಿ ತಿದ್ದಿ ಬಣ್ಣ ಹಚ್ಚುತ್ತಾರೆ. ಕೈ ಪಳಗಲು ಸಮಯ ಬೇಕು, ಈ ಡಿಸೆಂಬರಿಗೇ ಆಗಬೇಕೆಂದಿಲ್ಲ. ಬಂದರೆ ಮರಕ್ಕೆ ತೂಗಿ ಉಳಿದ ಕುರಿಗಳು ನಿಮ್ಮ ಗೋದಲಿಗೂ ಆಗುತ್ತವೆ.