ಪ್ರಜ್ಞೆಯೇ ಇಲ್ಲದವರ ಮೇಲೆ ಟ್ರಯಲ್: ಒಪ್ಪಿಗೆ ಕೊಡುವವರು ಯಾರು?

ಕುತೂಹಲಿ:
ಬ್ರಿಟನ್ನಿನ ಪ್ಯಾರಾಮೆಡಿಕ್-2 ಟ್ರಯಲ್ (ರೋಗಿಗಳ ಮೇಲೆ ನಡೆಸಿದ ಔಷಧಿ ಪರೀಕ್ಷೆ) ಬಗ್ಗೆ ಓದುತ್ತಿದ್ದೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಸುಮಾರು ಅರ್ಧ ಜನಕ್ಕೆ ಹೃದಯ ಮತ್ತೆ ಬಡಿಯಲಿ ಅಂತ ಕೊಡುವ ಅಡ್ರಿನಾಲಿನ್ ಔಷಧಿ, ಉಳಿದವರಿಗೆ ಬರೀ ಸಲೈನ್. 8,000ಕ್ಕೂ ಜಾಸ್ತಿ ಜನ. ಮೊದಲೇ ಯಾರ ಒಪ್ಪಿಗೆಯನ್ನೂ ಕೇಳಿಲ್ಲ. ಸಾಯುತ್ತಿರುವವರಿಗೆ ಉಪ್ಪುನೀರು ಚುಚ್ಚುವುದು ಯಾವ ನ್ಯಾಯ? ಗೊತ್ತಿರುವವರು ಹೇಳಿ.

ರಾತ್ರಿಪಾಳಿ:
ಆಂಬುಲೆನ್ಸ್ ಕೆಲಸ ನನ್ನದು. ರೋಗಿಗೆ ಪ್ರಜ್ಞೆ ಇರುವುದಿಲ್ಲ, ಮನೆಯವರು ಗಾಬರಿಯಲ್ಲಿರುತ್ತಾರೆ, ಒಬ್ಬರು ಎದೆ ಒತ್ತುತ್ತಿರುವಾಗ ಇನ್ನೊಬ್ಬರು ಫಾರ್ಮ್ ಹಿಡಿದು ಸಹಿ ಕೇಳಲು ಆಗುತ್ತಾ? ಸಲೈನ್ ಬಂದವರನ್ನೂ ಸುಮ್ನೆ ಬಿಟ್ಟಿರಲಿಲ್ಲ. ಸಿಪಿಆರ್ (ಎದೆ ಒತ್ತುವುದು), ಹೃದಯಕ್ಕೆ ಕರೆಂಟ್ ಶಾಕ್, ಉಸಿರಾಟದ ನೆರವು ಎಲ್ಲರಿಗೂ ಒಂದೇ. ಒಂದೊಂದು ಪೆಟ್ಟಿಗೆಯಲ್ಲಿ 10 ಸಿರಿಂಜ್, ಪೆಟ್ಟಿಗೆಗಳು ನೋಡಲು ಎಲ್ಲಾ ಒಂದೇ ಥರ, ಗುರುತಿಗೆ ಒಂದು ನಂಬರ್ ಅಷ್ಟೇ. ಚುಚ್ಚುವವರಿಗೂ ಒಳಗೇನಿದೆ ಗೊತ್ತಿಲ್ಲ. ಗೊತ್ತಾದರೆ ಸಲೈನ್ ಬಂದವರ ವಿಷಯದಲ್ಲಿ ಬೇಗ ಕೈಚೆಲ್ಲಿಬಿಡಬಹುದು, ನಾವೂ ಮನುಷ್ಯರೇ ಅಲ್ವಾ.

ಲೆಕ್ಕದ ಮೇಷ್ಟ್ರು:
ಔಷಧಿಯಿಂದ ಒಳ್ಳೆಯದೇ ಆಗುತ್ತದೆ ಅಂತ ಖಾತ್ರಿ ಇದ್ದಿದ್ದರೆ ನಿಮ್ಮ ಸಿಟ್ಟು ಸರಿ. ಇರಲಿಲ್ಲ. ದಶಕಗಳಿಂದ ಕೊಡುತ್ತಿದ್ದರು, ಇಷ್ಟು ದೊಡ್ಡದಾಗಿ ಪರೀಕ್ಷಿಸಿರಲಿಲ್ಲ. 2018ರ ಫಲಿತಾಂಶ ನೋಡಿ. ಆಸ್ಪತ್ರೆ ಸೇರುವ ಮೊದಲೇ ಹೃದಯ ಮತ್ತೆ ಬಡಿದದ್ದು ಅಡ್ರಿನಾಲಿನ್ ಪಡೆದ ಶೇ 36.3 ಜನರಲ್ಲಿ, ಸಲೈನ್ ಪಡೆದ ಶೇ 11.7 ಜನರಲ್ಲಿ. ಗೆದ್ದೇಬಿಟ್ಟೆವು ಅನಿಸುತ್ತೆ! ಆದರೆ 30 ದಿನದ ನಂತರ ಜೀವಂತ ಇದ್ದವರು ಶೇ 3.2 ಮತ್ತು 2.4 ಅಷ್ಟೇ. ಅಂದರೆ 112 ಜನಕ್ಕೆ ಕೊಟ್ಟರೆ ಒಬ್ಬರು ಹೆಚ್ಚಿಗೆ ಉಳಿಯುತ್ತಾರೆ. ಬದುಕಿ ಡಿಸ್ಚಾರ್ಜ್ ಆದವರಲ್ಲಿ ಮೆದುಳಿಗೆ ತೀವ್ರ ಹಾನಿ ಆಗಿದ್ದು ಅಡ್ರಿನಾಲಿನ್ ಕಡೆ ಶೇ 31, ಸಲೈನ್ ಕಡೆ ಶೇ 17.8. ಹೃದಯ ಎದ್ದಿತು, ಮೆದುಳು ಏಳಲಿಲ್ಲ. ಸಲೈನ್ ಗುಂಪು ಇಲ್ಲದೆ ಇದನ್ನು ಕಂಡುಹಿಡಿಯುವುದು ಹೇಗೆ?

ತಕರಾರು:
ಲೆಕ್ಕ ಒಪ್ಪಿದೆ ಮೇಷ್ಟ್ರೇ. ಆದರೆ ಬದುಕಿದವರನ್ನು ಮಾತ್ರ ಆಮೇಲೆ ಕಂಡು ಒಪ್ಪಿಗೆ ಕೇಳಿದರು. ಸತ್ತವರ ಮನೆಯವರಿಗೆ ಹೋಗಿ ತಿಳಿಸಲಿಲ್ಲ, ಮಾಹಿತಿ ಸಾರ್ವಜನಿಕವಾಗಿ ಇಟ್ಟಿದ್ದರು, ಹುಡುಕಿದವರಿಗೆ ಸಿಗುತ್ತಿತ್ತು. ಟ್ರಯಲ್ ಬೇಡ ಅನ್ನುವವರು ಮೊದಲೇ ಒಂದು ಸ್ಟೀಲ್ ಬ್ರೇಸ್ಲೆಟ್ ತರಿಸಿ ಕೈಗೆ ಹಾಕಿಕೊಳ್ಳಬೇಕಿತ್ತು. ಟ್ರಯಲ್ ನಡೆಯುತ್ತಿರುವುದೇ ಗೊತ್ತಿಲ್ಲದವರು ಬ್ರೇಸ್ಲೆಟ್ ಎಲ್ಲಿಂದ ತರಿಸುತ್ತಾರೆ? ಅಮೆರಿಕದಲ್ಲಿ 1996ರ ನಿಯಮದ ಪ್ರಕಾರ ಇಂಥ ಟ್ರಯಲ್ ಶುರು ಮಾಡುವ ಮೊದಲೇ ಆ ಊರಿನ ಜನರ ಜೊತೆ ಮಾತಾಡಬೇಕು. ಅದು ವಾಸಿ.

ರಾತ್ರಿಪಾಳಿ:
ದುಃಖದಲ್ಲಿರುವವರಿಗೆ ಹೋಗಿ ಹೇಳಿದರೆ, ಸಲೈನ್ ಕೊಟ್ಟಿದ್ದಕ್ಕೇ ಅಪ್ಪ ಹೋದರಾ ಅಂತ ಕೊರಗುತ್ತಾರಲ್ಲ? ಹೇಳದೆ ಇರುವುದೂ ಸರಿ ಅನಿಸುವುದಿಲ್ಲ. ಇದರಲ್ಲಿ ನಾನು ಅರ್ಧ ನಿಮ್ಮ ಕಡೆ.

ಕುತೂಹಲಿ:
ಹಾಗಾದರೆ ಈಗ ಅಡ್ರಿನಾಲಿನ್ ಕೊಡುತ್ತಾರಾ, ನಿಲ್ಲಿಸಿದ್ದಾರಾ?

ರಾತ್ರಿಪಾಳಿ:
ಕೊಡುತ್ತೇವೆ. ದೊಡ್ಡವರಿಗೆ 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. ಅದಕ್ಕೋಸ್ಕರ ಎದೆ ಒತ್ತುವುದನ್ನು ನಿಲ್ಲಿಸುವ ಹಾಗಿಲ್ಲ.